ಓಟಿಟಿಗೆ ಬಂದಾಗ ನೋಡೂಣು

ಶುಕ್ರವಾರ ರಾತ್ರಿ ಒಂಬತ್ತೂವರೆ ಸುಮಾರಿಗೆ ನನ್ನ ಫೋನಿಗೆ ಬರೋ ಮೊದಲ ಮೆಸೇಜು ಯಾವುದು ಅಂತ ಕೇಳಿದ್ರೆ ಕಣ್ಣು ಮುಚ್ಚಿ ಹೇಳ್ತೀನಿ. ‘ಹೆಂಗೈತಿ ಪಿಚ್ಚರ್?’ ಕಳಿಸೋರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ.

ಹುಬ್ಬಳ್ಳಿ-ಧಾರವಾಡದಲ್ಲಿ ಇದಕ್ಕೆ ಉತ್ತರ ಕೊಡೋಕೆ ಐದಾರು ಮಾತು ಕಲಿತ್ರೆ ಸಾಕು. ‘ಭಾರಿ ಐತಿ’ ಅಂದ್ರೆ ನಾಳೇನೇ ಹೋಗು. ‘ಚಲೋ ಐತಿ’ ಅಂದ್ರೆ ಈ ವಾರದೊಳಗೆ ಹೋಗು. ‘ನಡೀತೈತಿ’ ಅಂದ್ರೆ ಬೇರೆ ಕೆಲಸ ಇಲ್ಲದಿದ್ರೆ ಹೋಗು. ‘ಹಾಡು ಚಲೋ ಅದಾವ’ ಅಂದ್ರೆ ಕಥೆ ಇಲ್ಲ. ಇತ್ತೀಚೆಗೆ ಈ ಪಟ್ಟಿಗೆ ಇನ್ನೊಂದು ಸೇರಿದೆ: ‘ಓಟಿಟಿಗೆ ಬಂದಾಗ ನೋಡೂಣು.’ ಬೈದಂಗೂ ಆಗಲಿಲ್ಲ, ಹೊಗಳಿದಂಗೂ ಆಗಲಿಲ್ಲ. ಕೇಳಿದವರ ರೊಕ್ಕ ಉಳೀತು, ಹೇಳಿದವರಿಗೆ ಪುಣ್ಯ ಬಂತು. ಈ ಮಾತನ್ನ ನಾನು ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಒಂದು ಸಲದ್ದು ಮಾತ್ರ ಇನ್ನೂ ಮರೆತಿಲ್ಲ.

ಮೊದಲು ನಮ್ಮ ಗ್ಯಾಂಗಿನ ವಿಷಯ ಹೇಳ್ತೀನಿ. 2020ರಲ್ಲಿ ಕೋವಿಡ್ ಬಂದಾಗ ಬೆಂಗಳೂರಿನ ರೂಮು ಖಾಲಿ ಮಾಡಿ ಧಾರವಾಡಕ್ಕೆ ಬಂದವನು ನಾನು, ವಾಪಸ್ ಹೋಗಲೇ ಇಲ್ಲ. ಕಂಪನಿ ಅಲ್ಲಿ, ಲ್ಯಾಪ್‌ಟಾಪು ಇಲ್ಲಿ. ಹಿಂಗೇ ಊರಿಗೆ ಬಂದೋರು, ಊರು ಬಿಡದೇ ಇದ್ದೋರು ಸೇರಿ ನಾಲ್ಕು ಮಂದಿ ಆದ್ವಿ. ಬ್ಯಾಂಕಿನಲ್ಲಿರೋ ಕಾಕಾ ನಮಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಎಂಥ ಸಿನಿಮಾ ನೋಡಿದ್ರೂ ‘ಅಣ್ಣಾವ್ರ ಪಿಚ್ಚರಿನ್ಯಾಗ ಇದು ಹೆಂಗ ಇತ್ತು ಗೊತ್ತದ ಏನು?’ ಅಂತ ಶುರು ಮಾಡ್ತಾರೆ. ಕಾಲೇಜಿನಲ್ಲಿ ಪಾಠ ಮಾಡೋ ಒಬ್ಬನಿಗೆ ನಾವಿಟ್ಟ ಹೆಸರೇ ‘ಸೆಕೆಂಡ್ ಹಾಫ್’. ಯಾವ ಸಿನಿಮಾ ಆಗಲಿ, ಅವನ ತೀರ್ಪು ಒಂದೇ: ‘ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಎಳದಾರ.’ ನಾಲ್ಕನೆಯವಳು ಲ್ಯಾಬಿನಲ್ಲಿ ಕೆಲಸ ಮಾಡ್ತಾಳೆ. ಎಲ್ಲಾ ಸಿನಿಮಾಕ್ಕೂ ಅಳ್ತಾಳೆ, ಅತ್ತ ಮೇಲೆ ‘ಏನಿಲ್ಲ, ಎಸಿ ಗಾಳಿ’ ಅಂತಾಳೆ.

ನಮ್ಮ ಚರ್ಚೆ ನಡೆಯೋದು ಚಿಗರಿ ಬಸ್ಸಿನಲ್ಲಿ. ಹುಬ್ಬಳ್ಳಿ ಮಾಲಿನಲ್ಲಿ ಸಿನಿಮಾ ನೋಡಿ, ಹೊಸೂರಿನಲ್ಲಿ ಹತ್ತಿದ್ರೆ ಧಾರವಾಡದ ಜ್ಯುಬಿಲಿ ಸರ್ಕಲ್ ಬರೋತನಕ ಟೈಮು. ಉಣಕಲ್ ದಾಟೋದರೊಳಗೆ ಹೀರೋನ ಕಥೆ ಮುಗೀತದೆ, ನವನಗರಕ್ಕೆ ಮ್ಯೂಸಿಕ್ಕು, ಸತ್ತೂರು ಹತ್ರ ಬಂದಾಗ ಜಗಳ. ಟೋಲ್ ನಾಕಾದಲ್ಲಿ ಕಾಕಾ ಹಳೇ ಟಾಕೀಸುಗಳ ಹೆಸರು ತೆಗೀತಾರೆ. ಅಪ್ಸರಾ, ಸುಧಾ, ವಿಜಯಾ. ಆಗ ಯಾರೂ ಯಾರನ್ನೂ ‘ಹೆಂಗೈತಿ’ ಅಂತ ಕೇಳ್ತಿರಲಿಲ್ಲವಂತೆ, ಪೋಸ್ಟರ್ ನೋಡಿ ಒಳಗೆ ಹೋಗೋದೇ. ಟಿಕೆಟ್ ಅಗ್ಗ ಇತ್ತು, ಕೇಳೋ ಅವಶ್ಯಕತೆ ಇರಲಿಲ್ಲ. ಈಗ ನಾಲ್ಕು ಮಂದಿ ಟಿಕೆಟ್ಟು, ಪಾಪ್‌ಕಾರ್ನು, ಮೇಲೆ ಬುಕಿಂಗ್ ಚಾರ್ಜು ಅಂದ್ರೆ ಒಂದು ಪುಟ್ಟ ಬಜೆಟ್ಟೇ ಮಂಡಿಸಬೇಕು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕ್ತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ಕೇಳಿ ಹೋಗೋದು ತಪ್ಪಲ್ಲ.

ಕೇಳಿ ಹೋಗೋದರಿಂದ ಒಳ್ಳೇದೂ ಆಗ್ತದೆ. ‘ಸು ಫ್ರಮ್ ಸೋ’ ನೆನಪು ಮಾಡ್ಕೊಳ್ಳಿ. 2025ರ ಜುಲೈ 25ಕ್ಕೆ ಬಂದ ಜೆ.ಪಿ. ತುಮಿನಾಡ್ ಸಿನಿಮಾ. ದೊಡ್ಡ ಸ್ಟಾರ್ ಇಲ್ಲ, ಕರಾವಳಿ ಊರಿನ ಕಥೆ, ಕರಾವಳಿ ಮಾತು. ಲ್ಯಾಬಿನವಳು ಮೊದಲು ನೋಡಿ ಬಂದು ‘ನಕ್ಕು ನಕ್ಕು ಅತ್ತೆ’ ಅಂದ್ಲು. ಆಕೆ ಅತ್ತಿದ್ದು ಸುದ್ದಿಯಲ್ಲ, ನಕ್ಕಿದ್ದು ಸುದ್ದಿ. ಶನಿವಾರ ನಮಗೆ ಟಿಕೆಟ್ ಸಿಗಲಿಲ್ಲ. ಬಾಯಿಂದ ಬಾಯಿಗೆ ಹೋಗಿ ಎಲ್ಲಾ ಊರುಗಳಲ್ಲೂ ಶೋ ಜಾಸ್ತಿ ಆದ್ವು. ಅಷ್ಟು ಸಣ್ಣ ಸಿನಿಮಾವನ್ನ ಎತ್ತಿ ಹೊರಗೆ ತಂದದ್ದು ‘ಭಾರಿ ಐತಿ’ ಅನ್ನೋ ಎರಡೇ ಶಬ್ದ.

ಅವತ್ತು ಚಿಗರಿಯಲ್ಲಿ ‘ಸೆಕೆಂಡ್ ಹಾಫ್’ ಒಂದು ಪ್ರಶ್ನೆ ಎತ್ತಿದ. ‘ಮಂಗಳೂರು ಭಾಷಾ ಕೇಳಿ ನಾವು ಇಷ್ಟು ಖುಷಿಪಟ್ವಿ. ನಮ್ಮ ಭಾಷಾ ಯಾವ ಪಿಚ್ಚರಿನ್ಯಾಗ ಹಿಂಗ ಬಂದೈತಿ?’

ಎಲ್ಲರೂ ನೆನಪು ಮಾಡಿಕೊಳ್ಳೋಕೆ ಕೂತ್ವಿ. ‘ತಿಥಿ’ಯಲ್ಲಿ ಮಂಡ್ಯದ ಮಾತು ಬಂದದ್ದು ಹೇಳಿದೆ. ರಾಮ್ ರೆಡ್ಡಿ ಅಲ್ಲಿನ ಹಳ್ಳಿ ಮಂದಿಯಿಂದಲೇ ಪಾತ್ರ ಮಾಡಿಸಿದ್ದರಿಂದ ಆ ಮಾತಿಗೆ ಮೇಕಪ್ ಇರಲಿಲ್ಲ. ಕಾಕಾ ನಾಗಾಭರಣರ ‘ನಾಗಮಂಡಲ’ ಅಂದ್ರು, 1997ರದ್ದು. ಲ್ಯಾಬಿನವಳು ‘ರತ್ನನ್ ಪ್ರಪಂಚ’ ಅಂದ್ಲು. 2021ರಲ್ಲಿ ನೇರವಾಗಿ ಪ್ರೈಮ್‌ಗೇ ಬಂದ ಆ ಸಿನಿಮಾದಲ್ಲಿ ಗದಗಿನ ಉಡಾಳ್ ಬಾಬುರಾವ್ ಆಗಿ ಪ್ರಮೋದ್ ಬಂದ ಮೇಲೆ ನಮ್ಮ ಮನೆಯಲ್ಲಿ ಊಟ ಬಿಟ್ಟು ಟಿವಿ ಮುಂದೆ ಕೂತಿದ್ರು. ಅಷ್ಟಕ್ಕೆ ಲಿಸ್ಟು ನಿಧಾನ ಆಯ್ತು. ಉಳಿದ ಕಡೆ ನಮ್ಮ ಮಾತು ಅಂದ್ರೆ ಕಾಮಿಡಿ ಟ್ರ್ಯಾಕು. ಒಬ್ಬ ಕುಡುಕ, ಒಬ್ಬ ಕಾನ್‌ಸ್ಟೇಬಲ್, ಒಬ್ಬ ಅಡಿಗೆಯವ. ಮಾತಿನ ಕೊನೆಗೊಂದು ‘ಐತಿ’, ಶುರುವಿಗೊಂದು ‘ಲೇ ಮಗನ’, ಮತ್ತೆ ಗಂಟಲು ಹರಿಯೋ ಹಂಗೆ ಜೋರು. ನಾವು ಮನೆಯಲ್ಲಿ ಅಷ್ಟು ಜೋರಾಗಿ ಮಾತಾಡಿದ್ರೆ ಬಾಜೂ ಮನೆಯವರು ಯಾರಿಗೇನಾಯ್ತು ಅಂತ ಓಡಿ ಬರ್ತಾರೆ.

ಇಷ್ಟೆಲ್ಲಾ ಮಾತಾಡಿ ಕೆಲವು ತಿಂಗಳಾಗಿತ್ತು. ನನ್ನ ಕಾಲೇಜ್ ಗೆಳೆಯ ಫೋನ್ ಮಾಡಿದ. ಹೆಸರು ಬೇಡ, ನವಲಗುಂದ ಕಡೆಯವನು ಅಂತ ತಿಳ್ಕೊಳ್ಳಿ. ಅವನು ಕೆಲಸ ಮಾಡಿದ ಒಂದು ಸಣ್ಣ ಸಿನಿಮಾ ಶುಕ್ರವಾರ ಬಿಡುಗಡೆ. ಡೈರೆಕ್ಷನ್ ಟೀಮಿನಲ್ಲಿ ಇದ್ದ. ಅವನ ಮುಖ್ಯ ಕೆಲಸ ಅಂದ್ರೆ ಪಾತ್ರಗಳ ಮಾತು ನಮ್ಮ ಕಡೆಯದು ಅನ್ನಿಸೋ ಹಾಗೆ ತಿದ್ದೋದು. ‘ಲೇ, ಶುಕ್ರವಾರನ ಹೋಗು. ನಾಕ್ ಮಂದಿಗೆ ಹೇಳು,’ ಅಂದ.

ಹೋದೆ. ಆ ವಾರ ಆಫೀಸಿನಲ್ಲಿ ರಿಲೀಸ್ ಇತ್ತು, ಅದೂ ನನ್ನ ತಲೆಯಲ್ಲಿ ಓಡ್ತಾ ಇತ್ತು. ಉಳಿದ ಮೂವರಿಗೂ ಬರೋಕಾಗಲಿಲ್ಲ. ಹಾಲಿನಲ್ಲಿ ಹದಿನಾಲ್ಕು ಮಂದಿ, ಎಣಿಸಿದ್ದೆ. ಇಂಟರ್ವಲ್ ತನಕ ಚೆನ್ನಾಗಿಯೇ ನೋಡಿದೆ. ಆಮೇಲೆ ಮ್ಯಾನೇಜರ್ ಮೆಸೇಜು ಶುರುವಾದ್ವು. ಒಂದಕ್ಕೆ ಉತ್ತರ, ಎರಡಕ್ಕೆ ಉತ್ತರ, ನಡುವೆ ಪರದೆ ಕಡೆ ಕಣ್ಣು. ಕಥೆಯ ಎಳೆ ತಪ್ಪಿತು. ತಪ್ಪಿಸಿಕೊಂಡವನು ನಾನು, ಆದ್ರೆ ಸಿನಿಮಾನೇ ಎಳೀತಿದೆ ಅನ್ನಿಸ್ತು.

ಚಿಗರಿ ಹತ್ತಿದೆ. ಕಾಲೇಜ್ ಗ್ರೂಪಿನಲ್ಲಿ ಯಾರೋ ‘ಹೆಂಗೈತಿ?’ ಅಂತ ಕೇಳಿದ್ರು. ಭೈರಿದೇವರಕೊಪ್ಪ ಬರೋದರೊಳಗೆ ಟೈಪ್ ಮಾಡಿದ್ದೆ: ‘ಫಸ್ಟ್ ಹಾಫ್ ಓಕೆ. ಸೆಕೆಂಡ್ ಹಾಫ್ ಎಳದಾರ. ಓಟಿಟಿಗೆ ಬಂದಾಗ ನೋಡ್ರಿ.’

ಹನ್ನೊಂದು ಹೆಬ್ಬೆಟ್ಟು ಬಂದ್ವು. ‘ಥ್ಯಾಂಕ್ಸ್ ಲೇ, ರೊಕ್ಕ ಉಳಸಿದಿ’ ಅಂತ ಒಬ್ಬ. ಇನ್ನೊಬ್ಬ ಅದನ್ನೇ ತನ್ನ ಆಫೀಸ್ ಗ್ರೂಪಿಗೆ ಕಳಿಸಿದ್ದಾಗಿ ಹೇಳಿದ. ಸಮಾಜಸೇವೆ ಮಾಡಿದ ಸಮಾಧಾನದಲ್ಲಿ ಮನೆಗೆ ಹೋಗಿ ಊಟ ಮಾಡಿದೆ. ಗೆಳೆಯನೂ ಅದೇ ಗ್ರೂಪಿನಲ್ಲಿದ್ದಾನೆ ಅನ್ನೋದು ರಾತ್ರಿ ಹಾಸಿಗೆಯಲ್ಲಿ ಹೊಳೀತು. ಎದ್ದು ನೋಡಿದೆ. ಅವನು ಓದಿದ್ದ.

ಕೇರಳದಲ್ಲಿ ಹಿಂಗೇ ಸಿನಿಮಾ ವಿಮರ್ಶೆಗಳ ಜಗಳ 2023ರಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು. ಕೋರ್ಟಿಗೆ ನೆರವಾಗಲು ನೇಮಕವಾದ ವಕೀಲರು ಮರುವರ್ಷ ಕೊಟ್ಟ ವರದಿಯಲ್ಲಿ, ಬಿಡುಗಡೆಯಾದ ಮೊದಲ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಮಾಡದಿದ್ರೆ ಒಳ್ಳೇದು ಅಂತ ಸಲಹೆ ಇತ್ತು. ಅದನ್ನ ಓದಿ ನಾವು ನಕ್ಕಿದ್ವಿ. ರೊಕ್ಕ ಕೊಟ್ಟು ನೋಡಿದವನು ಬಾಯಿ ಮುಚ್ಕೊಂಡು ಇರಬೇಕಾ ಅಂತ. ಈಗಲೂ ನನ್ನ ಅಭಿಪ್ರಾಯ ಅದೇ. ಆದ್ರೆ ನಾನು 48 ನಿಮಿಷಾನೂ ತಗೊಂಡಿರಲಿಲ್ಲ, ಮತ್ತೆ ಪೂರ್ತಿ ನೋಡಿಯೂ ಇರಲಿಲ್ಲ.

ಸೋಮವಾರ ಆ್ಯಪ್ ತೆಗೆದು ನೋಡಿದ್ರೆ ದಿನಕ್ಕೆ ನಾಲ್ಕಿದ್ದ ಶೋ ಒಂದಕ್ಕೆ ಇಳಿದಿತ್ತು. ಬೆಳಿಗ್ಗೆ ಹತ್ತೂ ಕಾಲಿನದ್ದು. ಕೆಲಸಕ್ಕೆ ಹೋಗೋ ಮಂದಿ ಯಾರು ಹತ್ತೂ ಕಾಲಿಗೆ ಸಿನಿಮಾಕ್ಕೆ ಹೋಗ್ತಾರೆ? ನನ್ನ ಒಂದು ಮೆಸೇಜಿನಿಂದ ಹಂಗಾಯ್ತು ಅನ್ನೋ ಅಹಂಕಾರ ನನಗಿಲ್ಲ. ಸಣ್ಣ ಸಿನಿಮಾಗಳ ಹಣೆಬರಹ ಮೊದಲ ಮೂರು ದಿನದಲ್ಲೇ ಬರೆದಾಗಿರ್ತದೆ. ಶುಕ್ರವಾರ ಸೀಟು ತುಂಬಲಿಲ್ಲ ಅಂದ್ರೆ ಶೋ ಕಡಿಮೆ, ಶೋ ಕಡಿಮೆ ಅಂದ್ರೆ ಸೀಟು ಇನ್ನೂ ಖಾಲಿ. ಆದ್ರೆ ಆ ಶುಕ್ರವಾರ ಆ ಗ್ರೂಪಿನಲ್ಲಿದ್ದ ಎಪ್ಪತ್ತು ಮಂದಿಯಲ್ಲಿ ಐದು ಮಂದಿ ಹೋಗೋರಿದ್ರು ಅಂತಿಟ್ಕೊಳ್ಳಿ, ಅವರನ್ನ ನಿಲ್ಲಿಸಿದವನು ನಾನೇ. ಹದಿನಾಲ್ಕು ಮಂದಿ ಇದ್ದ ಹಾಲಿಗೆ ಐದು ಮಂದಿ ಅಂದ್ರೆ ಸಣ್ಣ ಲೆಕ್ಕ ಅಲ್ಲ.

ಮಂಗಳವಾರ ಸಂಜೆ ಗೆಳೆಯ ಧಾರವಾಡಕ್ಕೆ ಬಂದಿದ್ದ. ಗಿರ್ಮಿಟ್ ಅಂಗಡಿ ಮುಂದೆ ಸಿಕ್ವಿ. ನಾನು ಏನೇನೋ ಸಮಜಾಯಿಷಿ ರೆಡಿ ಮಾಡ್ಕೊಂಡು ಹೋಗಿದ್ದೆ. ಅವನು ಮೆಸೇಜಿನ ಸುದ್ದಿನೇ ತೆಗೀಲಿಲ್ಲ. ಮಿರ್ಚಿ ಮುರಿದು ಬಾಯಿಗಿಡ್ತಾ ಒಂದೇ ಮಾತು ಕೇಳಿದ.

‘ಅವ್ವ ರೊಟ್ಟಿ ಬಡಿಯೂ ಸೀನ್ ಹೆಂಗ ಬಂದೈತಿ?’

ನನಗೆ ಆ ಸೀನೇ ಗೊತ್ತಿರಲಿಲ್ಲ. ‘ಚಲೋ ಬಂದೈತಿ’ ಅಂತ ಸುಳ್ಳು ಹೇಳಬಹುದಿತ್ತು. ಅವನ ಮುಖ ನೋಡಿ ಆಗಲಿಲ್ಲ. ‘ಫೋನ್ ನೋಡಾಕತ್ತಿದ್ದೆ ಲೇ, ನೋಡಿಲ್ಲ,’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಹೇಳಿದ. ಸ್ಕ್ರಿಪ್ಟಿನಲ್ಲಿ ಎಲ್ಲಾ ಪಾತ್ರಗಳೂ ‘ಐತಿ, ಐತಿ’ ಅಂತಲೇ ಮಾತಾಡ್ತಿದ್ವಂತೆ. ಧಾರವಾಡದ ರಿಟೈರ್ಡ್ ಮಾಸ್ತರು ‘ಅದ’ ಅಂತಾರೆ, ಟ್ರ್ಯಾಕ್ಟರ್ ಓಡಿಸೋನು ‘ಐತಿ’ ಅಂತಾನೆ ಅಂತ ಅವರಿಗೆ ತಿಳಿಸಿ ಹೇಳೋದರಲ್ಲೇ ಒಂದು ವಾರ ಹೋಯ್ತಂತೆ. ಆ ರೊಟ್ಟಿ ಸೀನಿನಲ್ಲಿ, ಮನೆ ಬಿಟ್ಟು ಹೊರಟ ಮಗನಿಗೆ ತಾಯಿ ‘ಊಟ ಮಾಡ್ಕೊಂಡು ಹೋಗೋ ಮಗನ’ ಅನ್ನಬೇಕಿತ್ತು. ‘ಯಾವ ಅವ್ವ ಹಂಗಂತಾಳಲೇ? ಅದು ಬೈದಂಗ ಕೇಳಸ್ತೈತಿ,’ ಅಂತ ಇವನು ಹಟ ಹಿಡಿದ. ಶೂಟಿಂಗ್ ಅರ್ಧ ತಾಸು ನಿಂತಿತ್ತು. ಕೊನೆಗೆ ‘ಒಂದ್ ತುತ್ತು ಉಂಡ್ ಹೋಗ್ ಯಪ್ಪಾ’ ಅಂತ ಬದಲಾಯ್ತು. ‘ನಮ್ಮವ್ವ ಅನ್ನೂದು ಹಂಗ,’ ಅಂದ. ಕಾಮಿಡಿ ಟ್ರ್ಯಾಕಿನ ಬಗ್ಗೆ ಚಿಗರಿಯಲ್ಲಿ ಅಷ್ಟುದ್ದ ಭಾಷಣ ಮಾಡಿದ್ದ ನಾನು, ಆ ಭಾಷಣದಲ್ಲಿ ಕೇಳಿದ್ದೇ ಪರದೆ ಮೇಲೆ ಬಂದಾಗ ಜೀರಾ ಟಿಕೆಟ್ಟಿಗೆ ಕಾಮೆಂಟ್ ಹಾಕ್ತಿದ್ದೆ.

ಗುರುವಾರ ಅರ್ಧ ದಿನ ರಜೆ ಹಾಕಿ ಹತ್ತೂ ಕಾಲಿನ ಶೋಗೆ ಹೋದೆ. ಕಾಕಾ ಕೂಡ ಬಂದ್ರು. ಒಟ್ಟು ಆರು ಮಂದಿ. ಫೋನು ಸ್ವಿಚಾಫ್. ರೊಟ್ಟಿ ಸೀನ್ ಬಂತು. ಎರಡು ನಿಮಿಷ ಇರಬಹುದು. ತಾಯಿ ಮಗನ ಮುಖ ನೋಡೋದೇ ಇಲ್ಲ, ಬಡಿಯೋ ರೊಟ್ಟಿ ನೋಡ್ತಾನೇ ಆ ಮಾತು ಹೇಳ್ತಾಳೆ, ಮೆಲ್ಲಗೆ. ಅವನು ಕೂರ್ತಾನೆ. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡ್ರು. ಅಣ್ಣಾವ್ರ ಹೆಸರು ತೆಗೀಲಿಲ್ಲ.

ಹಂಗಂತ ಸಿನಿಮಾ ಪೂರ್ತಿ ಅದ್ಭುತ ಅಂತ ಹೇಳೋದಿಲ್ಲ. ಕ್ಲೈಮ್ಯಾಕ್ಸ್ ಗಡಿಬಿಡಿ, ಎರಡು ಹಾಡು ಬೇಕಿರಲಿಲ್ಲ, ಸೆಕೆಂಡ್ ಹಾಫ್ ನಿಜವಾಗಿಯೂ ಸ್ವಲ್ಪ ಎಳೆದಿದ್ರು. ಆದ್ರೆ ಎಳೆದಿದೆ ಅಂತ ಈಗ ಹೇಳೋ ಹಕ್ಕು ನನಗಿತ್ತು. ಗ್ರೂಪಿನಲ್ಲಿ ಹೊಸದಾಗಿ ಉದ್ದಕ್ಕೆ ಬರೆದೆ: ಏನು ಚಲೋ ಇದೆ, ಏನು ಇಲ್ಲ, ರೊಟ್ಟಿ ಸೀನಿಗೋಸ್ಕರ ಯಾಕೆ ನೋಡಬೇಕು, ಮೊದಲ ಸಲ ನಾನು ಅರ್ಧ ಮಾತ್ರ ನೋಡಿದ್ದೆ ಅನ್ನೋದನ್ನೂ ಸೇರಿಸಿ. ಮೂರು ಮಂದಿ ‘ನಾಳೆ ಹೋಗ್ತೀವಿ’ ಅಂದ್ರು. ನಾಳೆ ಅಂದ್ರೆ ಶುಕ್ರವಾರ. ಅಷ್ಟೊತ್ತಿಗೆ ಹೊಸ ಸಿನಿಮಾ ಬಂದು ಇದು ಹೋಗಿತ್ತು.

ಓಟಿಟಿಗೆ ಬಂದಾಗ ನೋಡ್ರಿ ಅಂದಿದ್ನಲ್ಲ, ಅದು ಓಟಿಟಿಗೂ ಬರಲಿಲ್ಲ. ಬರ್ತದೆ ಅಂತ ನಾವು ಸಲೀಸಾಗಿ ಅಂದ್ಕೋತೀವಿ. ದೊಡ್ಡ ಹೆಸರಿನವರಿಗೇ ಆ ಬಾಗಿಲು ಸುಲಭ ಇಲ್ಲ. ರಕ್ಷಿತ್ ಶೆಟ್ಟಿ ತಂಡದ ‘ಏಕಂ’ ವೆಬ್ ಸರಣಿಯನ್ನ ಯಾವ ಓಟಿಟಿಯೂ ತಗೊಳ್ಳದೇ, 2024ರ ಜುಲೈನಲ್ಲಿ ಅವರೇ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯ್ತು. ಹಂಗಿದ್ದಾಗ ನವಲಗುಂದದ ಹುಡುಗನೊಬ್ಬ ಮಾತು ತಿದ್ದಿದ ಸಿನಿಮಾಕ್ಕೆ ಯಾರು ಕಾಯ್ತಿರ್ತಾರೆ? ಆ ಮೂರು ಮಂದಿ ಇನ್ನೂ ಆಗಾಗ ಕೇಳ್ತಾರೆ, ಯಾವುದರಲ್ಲಿ ಬಂತು ಅಂತ.

ಈಗ ನಮ್ಮ ಗ್ಯಾಂಗಿನಲ್ಲಿ ಕಾಕಾ ಒಂದು ನಿಯಮ ಮಾಡಿದ್ದಾರೆ. ಏನು ಬೇಕಾದ್ರೂ ಬೈರಿ, ಆದ್ರೆ ನೋಡಿದ ಒಂದು ಸೀನ್ ಹೇಳಿ ಆಮೇಲೆ ಬೈರಿ. ‘ಸೆಕೆಂಡ್ ಹಾಫ್’ಗೆ ಬಹಳ ಕಷ್ಟ ಆಗ್ತಿದೆ, ಪಾಪ. ಎಳೆದದ್ದು ಯಾವ ಸೀನಿನಿಂದ ಅಂತ ಕೇಳಿದ್ರೆ ಉಣಕಲ್ ಕೆರೆ ಕಡೆ ಮುಖ ತಿರುಗಿಸ್ತಾನೆ.

ಗೆಳೆಯ ಇನ್ನೊಂದು ಸಿನಿಮಾಕ್ಕೆ ಸೇರಿಕೊಂಡಿದ್ದಾನೆ. ಮೊನ್ನೆ ಫೋನ್ ಮಾಡಿದಾಗ, ಅದು ಯಾವಾಗ ಬಂದ್ರೂ ಶುಕ್ರವಾರದ ಟಿಕೆಟ್ ನಾಲ್ಕೂ ನನ್ನವು ಅಂದೆ.

‘ಚಲೋ ಇರಲಿಲ್ಲಂದ್ರ?’ ಅಂದ.

‘ಚಲೋ ಇಲ್ಲಂತ ಹೇಳ್ತೀನಿ. ಪೂರ್ತಿ ನೋಡಿ ಹೇಳ್ತೀನಿ.’

‘ಅಷ್ಟ ಸಾಕು ಬಿಡು,’ ಅಂತ ನಕ್ಕು, ಆಫೀಸ್ ರಿಲೀಸ್ ಯಾವ ವಾರ ಐತಿ ನೋಡ್ಕೋ ಮೊದಲ ಅಂದ.