ಎಂಟನೇ ಫೋಟೊ

ಹಂಪಿಯ ಹಜಾರರಾಮ ಗುಡಿಯ ಹೊರಗೋಡೆ ನೋಡಿದವರಿಗೆ ಗೊತ್ತು: ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ, ಅದರ ಮೇಲೆ ಸೈನಿಕರು, ಇನ್ನೂ ಮೇಲೆ ಕುಣಿಯುವ ಹೆಣ್ಣುಮಕ್ಕಳು. ಕಳೆದ ಬೇಸಿಗೆಯಲ್ಲಿ ನಾವಿಬ್ಬರು ಆ ಕುದುರೆಗಳನ್ನು ಓಡಿಸಲು ಹೊರಟೆವು. ಸಂಡೂರಿನ ಕಡೆಯ ಒಂದು ಹಳ್ಳಿಯ ಮಕ್ಕಳಿಗೆ ರಜೆಯಲ್ಲಿ ‘ಓಡುವ ಚಿತ್ರ’ ಮಾಡಿ ತೋರಿಸುತ್ತೇವೆಂದು ಮಾತು ಕೊಟ್ಟಾಗಿತ್ತು. 12 ಕುದುರೆಗಳ ಫೋಟೊ ತೆಗೆದು, ಹೊಸಪೇಟೆಗೆ ಬಂದು, ಫೋನಿನಲ್ಲಿ ಒಂದರ ಹಿಂದೊಂದು ಜೋಡಿಸಿದೆವು. ಕುದುರೆ ಓಡಲಿಲ್ಲ. ಚಳಿಜ್ವರ ಬಂದವರ ಹಾಗೆ ನಡುಗಿತು.

ತಪ್ಪು ಶಿಲ್ಪಿಯದಲ್ಲ, ನಮ್ಮದು. ಅವನು ಕೆತ್ತಿದ್ದು 12 ಬೇರೆ ಬೇರೆ ಕುದುರೆಗಳ ಮೆರವಣಿಗೆ. ನಮಗೆ ಬೇಕಿದ್ದದ್ದು ಒಂದೇ ಪ್ರಾಣಿ, ಅದರ ಒಂದು ಹೆಜ್ಜೆಯ 12 ಗಳಿಗೆ.

ಹಂಪಿಯನ್ನು 1856ರಲ್ಲೇ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದ. ಆ ಕಾಗದದ ಮೇಲೆ ಚಿತ್ರ ಮೂಡಲು ಬಹಳ ಹೊತ್ತು ಬೇಕು. ಕಲ್ಲಾದರೆ ನಿಂತಿರುತ್ತದೆ, ಕುದುರೆ ನಿಲ್ಲುತ್ತದೆಯೆ? 22 ವರ್ಷ ಕಳೆದ ಮೇಲೆ, 1878ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತ ಓಟದ ದಾರಿಯ ಪಕ್ಕ 12 ಕ್ಯಾಮೆರಾ ಸಾಲಾಗಿ ಇಟ್ಟು, ದಾರಿಗೆ ಅಡ್ಡಲಾಗಿ ದಾರ ಕಟ್ಟಿಸಿದ. ಕುದುರೆ ಓಡುತ್ತ ಒಂದೊಂದೇ ದಾರ ತಾಕಿದಂತೆ ಒಂದೊಂದೇ ಕ್ಯಾಮೆರಾ ಫೋಟೊ ಹೊಡೆಯಿತು. ಓಡುವಾಗ ಕುದುರೆಯ ನಾಲ್ಕೂ ಕಾಲು ನೆಲ ಬಿಡುತ್ತವೆಯೇ ಎಂಬ ಜಗಳ ಅಲ್ಲಿಗೆ ಮುಗಿಯಿತು. ಬಿಡುತ್ತವೆ. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಹಿಂದೆ ಮುಂದೆ ಚಾಚಿಕೊಂಡಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ.

ನಮಗೆ ಕುದುರೆ ಎಲ್ಲಿಂದ ಬರಬೇಕು? ಕಂಪ್ಲಿಯ ಹತ್ತಿರ ಪರಿಚಯದ ತಾತ ಒಬ್ಬರ ಬಳಿ ಜೋಡೆತ್ತು ಇದ್ದವು. ಕ್ಯಾಮೆರಾ 12 ಬೇಕಿಲ್ಲ. ಗುಂಡಿ ಒತ್ತಿ ಹಿಡಿದರೆ ಪಟಪಟನೆ ಫೋಟೊ ತೆಗೆಯುವ ಫೋನ್ ಒಂದು ಸಾಕು. ಇಟ್ಟಿಗೆ ಪೇರಿಸಿ ಅದರ ಮೇಲೆ ಫೋನ್ ನಿಲ್ಲಿಸಿದೆವು. ಹಿಂದಿನ ಗೋಡೆಗೆ ಸುಣ್ಣದಲ್ಲಿ ಅಡಿಗೊಂದು ಗೆರೆ. ತಾತ ಹಗ್ಗ ಹಿಡಿದು ಎಡಗಡೆಯ ಎತ್ತನ್ನು ನಡೆಸಿದರು. ಒಂದು ಪೂರ್ತಿ ಹೆಜ್ಜೆಯಿಂದ ಸಮಸಮ ಅಂತರದ 12 ಫೋಟೊ ಆರಿಸಿ, ಎಲ್ಲದರಲ್ಲೂ ಎತ್ತಿನ ಡುಬ್ಬ ಒಂದೇ ಜಾಗಕ್ಕೆ ಬರುವಂತೆ ಕತ್ತರಿಸಿ ಕೂಡಿಸಿದೆವು. ಈ ಸಲ ಎತ್ತು ನಡೆಯಿತು! ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಆದರೆ ಪ್ರತಿ ಸುತ್ತಿನಲ್ಲೂ ಒಂದು ಕಡೆ ಚೂರು ಜಗ್ಗುತ್ತಿತ್ತು. ಹುಡುಕಿದರೆ ಎಂಟನೇ ಫೋಟೊ.

ತೆಗೆದುಬಿಡೋಣ ಅಂದೆವು. ಸುದ್ದಿಗೆ ಒಂದೇ ಫೋಟೊ ಸಾಕು. 40 ತೆಗೆದು 39 ಅಳಿಸುವ ಕಸುಬು ನಮ್ಮದು. ಹಾಳಾದದ್ದನ್ನು ಎಸೆಯಲು ಕೈ ತಾನಾಗೇ ಹೋಗುತ್ತದೆ.

ಪಕ್ಕದಲ್ಲಿ ಕೂತು ನೋಡುತ್ತಿದ್ದ ತಾತ ತಡೆದರು. “ತೆಗೀಬ್ಯಾಡ್ರಪ್ಪಾ. ಅದು ನಿಮ್ಮ ಫೋಟೊ ತಪ್ಪಲ್ಲ, ನನ್ನ ಎತ್ತಿನ ಕಾಲು.”

12 ಫೋಟೊಗಳಲ್ಲಿ ಎರಡನೆಯದು ಮತ್ತು ಎಂಟನೆಯದರ ನಡುವೆ ಸರಿಯಾಗಿ ಅರ್ಧ ಹೆಜ್ಜೆ. ಎರಡರಲ್ಲಿ ಎಡ ಹಿಂಗಾಲು ಹೇಗಿದೆಯೋ ಎಂಟರಲ್ಲಿ ಬಲ ಹಿಂಗಾಲು ಹಾಗೇ ಇರಬೇಕು. ಎಡಗಾಲು ಗಟ್ಟಿಯಾಗಿ ನೆಲದ ಮೇಲಿತ್ತು; ಬಲಗಾಲು ಆಗಲೇ ಎದ್ದಿತ್ತು. ನೋವಿರುವ ಕಾಲಿನ ಮೇಲೆ ಪ್ರಾಣಿ ಹೆಚ್ಚು ಹೊತ್ತು ಭಾರ ಹಾಕುವುದಿಲ್ಲ. ನಮ್ಮ ಕಣ್ಣಿಗಿರಲಿ, ದಿನಾ ಮೈ ತೊಳೆಯುವ ತಾತನ ಕಣ್ಣಿಗೂ ಅದು ಅಲ್ಲಿಯವರೆಗೆ ಬಿದ್ದಿರಲಿಲ್ಲ.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೋ ವಾರ ಜೋಡಿ ಸಂತಿಗೆ ಹೊಡೀಬೇಕಂತ ಮಾಡೇನಿ. ಇದನ್ನ ನಾಕು ಮಂದಿಗೆ ಕಳಿಸಬ್ಯಾಡ್ರಿ,” ಅಂದರು.

ಕಳಿಸುವುದಿಲ್ಲ ಎಂದೆವು. ಆದರೆ ದಾರಿಯುದ್ದಕ್ಕೂ ಇಬ್ಬರಿಗೂ ಸಮಾಧಾನವಿಲ್ಲ. ಕೊಳ್ಳುವವನೂ ಇವರಂಥದೇ ರೈತ. ಹಾಗಂತ ಪ್ರೀತಿಯಿಂದ ಎತ್ತು ನಡೆಸಿಕೊಟ್ಟವರ ವ್ಯಾಪಾರ ಕೆಡಿಸುವುದೂ ಆಗದ ಮಾತು. ಮರುದಿನ ಫೋನ್ ಮಾಡಿ, “ತಾತ, ಮೊದಲು ಡಾಕ್ಟರಿಗೆ ತೋರಿಸ್ರಿ, ಸಂತೆ ಆಮೇಲೆ” ಅಂದೆವು. “ನಿಮ್ಮ ಫೋನ್ ಬರೋದ್ರಾಗ ತೋರಿಸಿ ಬಂದೀನಿ” ಅಂದರು. ಗೊರಸಿನ ಸಂದಿಯಲ್ಲಿ ಕಲ್ಲು ಸಿಕ್ಕು ಒಳಗೆ ಕೀವಾಗಿತ್ತಂತೆ. ಸಂತೆ ಮುಂದಕ್ಕೆ ಹೋಯಿತು. ಗಾಯ ಮಾಗಿದ ಮೇಲೆ ಅದೇ ಗೋಡೆ, ಅದೇ ಸುಣ್ಣದ ಗೆರೆ, ಮತ್ತೆ 12 ಫೋಟೊ. ಎರಡೂ ಎಂಟೂ ಈಗ ಹೊಂದಿದವು. ಹಳೆಯದನ್ನೂ ಮಕ್ಕಳಿಗೆ ತೋರಿಸಬಹುದೆಂದು ಆಗ ತಾತನೇ ಹೇಳಿದರು.

ಮಕ್ಕಳೆಲ್ಲರ ಬಳಿ ಫೋನ್ ಇರಲಿಲ್ಲ. ಅವರಿಗಾಗಿ 1832ರಲ್ಲಿ ಬೆಲ್ಜಿಯಂನ ಪ್ಲಾಟೊ ಎಂಬ ವಿಜ್ಞಾನಿ ಮಾಡಿದ್ದ ಚಕ್ರವನ್ನೇ ಮಾಡಿದೆವು. ನೀವೂ ಮಾಡಬಹುದು. ಊಟದ ತಟ್ಟೆಯಷ್ಟಗಲದ ರಟ್ಟು ಕತ್ತರಿಸಿ 12 ಪಾಲು ಮಾಡಿ. ಪ್ರತಿ ಪಾಲಿಗೂ ಅಂಚಿನಿಂದ ಒಳಕ್ಕೆ ಒಂದಿಂಚು ಉದ್ದ, ಬೆಂಕಿಕಡ್ಡಿಯಷ್ಟೇ ಅಗಲದ ಸೀಳು ಕೊಯ್ಯಿರಿ. ಸೀಳುಗಳ ಕೆಳಗೆ 12 ಚಿತ್ರ ಬರೆದು, ಹಿಂಬದಿಗೆ ಕಪ್ಪು ಬಳಿದು, ನಡುವೆ ಗುಂಡುಪಿನ್ ಚುಚ್ಚಿ ಪೆನ್ಸಿಲಿನ ರಬ್ಬರಿಗೆ ಸಿಕ್ಕಿಸಿ. ಚಿತ್ರದ ಬದಿ ಕನ್ನಡಿಗೆ ಹಿಡಿದು, ಹಿಂದಿನಿಂದ ಸೀಳಿನಲ್ಲಿ ಕಣ್ಣಿಟ್ಟು ತಿರುಗಿಸಿ. ಸೀಳಿಲ್ಲದೆ ನೋಡಿದರೆ ಬರೀ ಮಸುಕು ಕಾಣುತ್ತದೆ. ಸೀಳು ಒಂದೊಂದೇ ಚಿತ್ರವನ್ನು ಚಣ ಮಾತ್ರ ತೋರಿಸಿ ಮುಚ್ಚುವುದರಿಂದ ಎತ್ತು ನಡೆಯುತ್ತದೆ.

ಎರಡು ಚಕ್ರ ಒಯ್ದಿದ್ದೆವು, ಕುಂಟುವುದೊಂದು, ವಾಸಿಯಾದದ್ದೊಂದು. ಯಾವುದು ಯಾವುದೆಂದು ಹೇಳಿರಲಿಲ್ಲ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಮೊದಲ ಚಕ್ರ ಎರಡು ಸುತ್ತು ತಿರುಗಿಸಿ ನಿಲ್ಲಿಸಿದಳು. “ಅಣ್ಣಾ, ಇದಕ್ಕ ಮುಳ್ಳು ಚುಚ್ಚೇತಿ,” ಅಂದಳು. ಕಲ್ಲು ಅಂತ ನಾವು ತಿದ್ದುವಷ್ಟರಲ್ಲಿ ಪಕ್ಕದ ಹುಡುಗ ಚಕ್ರ ಕಸಿದು ಉಲ್ಟಾ ತಿರುಗಿಸಿಬಿಟ್ಟ. ಎತ್ತು ಕುಂಟುತ್ತ ಕುಂಟುತ್ತ ಹಿಂದಕ್ಕೆ ನಡೆಯಿತು.