ವಾಲಿ ನಿಂತ ಟ್ರಾಮ್

ಕೆನಡಾದ ವಿನಿಪೆಗ್ ನಗರದ ಮೇನ್ ಸ್ಟ್ರೀಟಿನಲ್ಲಿ ನಡೆಯುವ ಪ್ರವಾಸಿಗೆ, ಪೌರಭವನದ ಸಮೀಪ, ನೆಲದಲ್ಲಿ ಅರ್ಧ ಹುದುಗಿ ವಾಲಿ ನಿಂತ ಉಕ್ಕಿನ ಟ್ರಾಮೊಂದು ಕಾಣಸಿಗುತ್ತದೆ. ಅದು 2019ರಲ್ಲಿ ಸ್ಥಾಪಿತವಾದ ಸ್ಮಾರಕ. ಅದು ನೆನಪಿಸುವುದು ನೂರು ವರ್ಷ ಹಿಂದಿನ ಮುಷ್ಕರವನ್ನು.

ಮೊದಲನೆಯ ಮಹಾಯುದ್ಧ ಮುಗಿದಿತ್ತು. ಬೆಲೆಗಳು ಗಗನಕ್ಕೇರಿದ್ದವು, ಕೂಲಿ ಅವುಗಳ ಸಮಕ್ಕೆ ಏರಿರಲಿಲ್ಲ. ಲೋಹ ಕಾರ್ಖಾನೆಗಳ ಮಾಲೀಕರು ಕಾರ್ಮಿಕರ ಒಕ್ಕೂಟದೊಡನೆ ಮಾತುಕತೆಗೇ ಒಪ್ಪಲಿಲ್ಲ. 1919ರ ಮೇ 15ರಂದು ಸುಮಾರು 30,000 ಮಂದಿ ಕೆಲಸ ನಿಲ್ಲಿಸಿದರು. ಮೊದಲು ಹೊರನಡೆದವರು ಟೆಲಿಫೋನ್ ಕಚೇರಿಯ ಹೆಣ್ಣುಮಕ್ಕಳು.

ಹಾಗಾದರೆ ಹಸುಗೂಸುಗಳಿಗೆ ಹಾಲು? ಮುಷ್ಕರ ಸಮಿತಿಯೇ ಹಾಲು-ರೊಟ್ಟಿಯ ಬಂಡಿಗಳಿಗೆ ತನ್ನ ಅನುಮತಿಯ ಫಲಕ ತೂಗಿಸಿ ಕಳುಹಿಸಿತು. ವಿರೋಧಿಗಳಾದರೋ ಆ ಫಲಕದಲ್ಲಿ ಮಕ್ಕಳ ಹಾಲನ್ನು ಕಾಣಲಿಲ್ಲ. ರಾಜ್ಯಾಧಿಕಾರವನ್ನು ಕಸಿಯುವ ಹುನ್ನಾರವನ್ನು ಕಂಡರು.

ಜೂನ್ 21ರ ಶನಿವಾರ ಇದೇ ಬೀದಿಯಲ್ಲಿ ಜನಸಂದಣಿ ಟ್ರಾಮೊಂದನ್ನು ತಡೆದು, ವಾಲಿಸಿ, ಬೆಂಕಿಯಿಟ್ಟಿತು. ಅಶ್ವಾರೋಹಿ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ಪ್ರಾಣ ತೆತ್ತರು. ಜೂನ್ 26ಕ್ಕೆ ಮುಷ್ಕರ ಸೋತು ಕೊನೆಗೊಂಡಿತು.

ನಾಯಕರಲ್ಲೊಬ್ಬರಾದ ಜಾನ್ ಕ್ವೀನ್ ರಾಜದ್ರೋಹದ ಸಂಚಿನ ಆರೋಪದ ಮೇಲೆ ಸೆರೆಮನೆ ಸೇರಿದರು. ಅಲ್ಲಿದ್ದಾಗಲೇ, 1920ರಲ್ಲಿ, ಜನ ಅವರನ್ನು ಪ್ರಾಂತದ ಶಾಸನಸಭೆಗೆ ಆರಿಸಿದರು. 1935ರಲ್ಲಿ ಅವರು ವಿನಿಪೆಗ್ಗಿನ ಮೇಯರ್ ಪೀಠವನ್ನೇ ಏರಿದರು. ಸೋತ ಮುಷ್ಕರಕ್ಕೆ ನಗರವು ನಿಧಾನವಾಗಿ ಕೊಟ್ಟ ಉತ್ತರವಿದು.