ಮಷೀನಿಗೂ ಒಂದು ಜೊತೆ ಬೇಕು
ಸಿಂಧನೂರು ಬಸ್‌ಸ್ಟ್ಯಾಂಡ್. ಮಸ್ಕಿ ಮೇಲೆ ಹೋಗೋ ಲಿಂಗಸುಗೂರು ಬಸ್ಸಿನ ಅನೌನ್ಸ್‌ಮೆಂಟ್ ಆಯ್ತು. ಕಿವಿಗೆ ಮಷೀನು ಹಾಕ್ಕೊಂಡಿದ್ದ ಅಜ್ಜ ನನ್ನ ಕಡೆ ತಿರುಗಿ, "ಏನಂದ್ರಪಾ ತಮ್ಮಾ?" ಅಂದ್ರು.

ಹಿಯರಿಂಗ್ ಏಡ್ ಹತ್ತಿರದ ಮಾತಿಗೆ ಚೆನ್ನಾಗಿ ಒದಗುತ್ತೆ. ದೂರದ ದನಿ ಹಾರ್ನ್, ಗದ್ದಲದ ಜೊತೆ ಬೆರೆತು ಬಂದರೆ ಕಷ್ಟ. ಮಾತಾಡುವವರ ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು ಇದ್ದರೆ ದನಿ ನೇರ ಮಷೀನಿಗೇ ಬರುತ್ತೆ. ಟೆಲಿಕಾಯಿಲ್ (ಲೂಪಿನ ದನಿ ಹಿಡಿಯುವ ಪುಟ್ಟ ಸುರುಳಿ) ಇರುವ ಮಷೀನಾದರೆ, ಕೌಂಟರಿನಲ್ಲಿ ಲೂಪ್, ಅಂದ್ರೆ ದನಿಯನ್ನು ಕಾಂತಕ್ಷೇತ್ರವಾಗಿ ಕಳಿಸುವ ತಂತಿ, ಹಾಕಿಸಿದರೆ ಅಲ್ಲಿನ ಮಾತು ನೇರ ಕೇಳುತ್ತೆ. ಬಸ್‌ನಿಲ್ದಾಣಗಳು ಅಂಗವಿಕಲರಿಗೂ ಅನುಕೂಲವಾಗಿರಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತೆ.

ಮಷೀನು ಕೊಳ್ಳುವಾಗ "ಟೆಲಿಕಾಯಿಲ್ ಐತೇನ್ರಿ? ಮೈಕು ಜೋಡಿಸಬಹುದಾ?" ಅಂತ ಕೇಳಲೇಬೇಕು. ಶಾಲೆ ಮಕ್ಕಳಿಗಂತೂ ಈ ಮೈಕು ತುಂಬಾ ಮುಖ್ಯ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಮೈಕು ಬಳಸ್ತಿದ್ದಾರಾ? ಅನುಭವ ಹೇಳ್ರಿ.